ಕಾಕ್‌ಪಿಟ್‌ನ ಚಿತ್ರ ನೋಡಿ ಅಪರೂಪದ ವಿಮಾನವನ್ನು ಗುರುತಿಸುವ ಕ್ರಮ

ವಿಮಾನವನ್ನು ಹೊರಗಿನಿಂದ ತೆಗೆದ ಚಿತ್ರದಲ್ಲಿ ರೆಕ್ಕೆ, ಬಾಲ, ಎಂಜಿನ್‌ಗಳ ಜೋಡಣೆ ಎಲ್ಲವೂ ಕಣ್ಣಿಗೆ ಬೀಳುವುದರಿಂದ ಅದರ ಹೆಸರನ್ನು ಪತ್ತೆ ಮಾಡುವುದು ಅಷ್ಟೇನೂ ಕಷ್ಟವಲ್ಲ. ಪೈಲಟ್ ಕೂರುವ ಜಾಗದ ಚಿತ್ರ ಮಾತ್ರ ಕೈಗೆ ಸಿಕ್ಕಾಗ, ಅದರಲ್ಲೂ ಅದು ಕಪ್ಪು-ಬಿಳುಪಿನದಾಗಿದ್ದು ಅಡಿಬರಹವೂ ಇಲ್ಲದಿದ್ದಾಗ, ಅನುಭವಿಗಳೂ ತಡವರಿಸುತ್ತಾರೆ. ಬಳ್ಳಾರಿಯ ಕಂಟೋನ್ಮೆಂಟ್ ಭಾಗದಲ್ಲಿಯೂ ಕೊಪ್ಪಳ, ರಾಯಚೂರುಗಳ ಕಡೆಯೂ ವಾಯುಪಡೆಯಲ್ಲಿಯೋ ಎಚ್‌ಎಎಲ್‌ನಲ್ಲಿಯೋ ದುಡಿದು ಊರಿಗೆ ಮರಳಿದ ಹಿರಿಯರ ಮನೆಗಳಿವೆ. ಅಂಥ ಮನೆಗಳ ಆಲ್ಬಂಗಳಲ್ಲಿ ಗುಂಪುಚಿತ್ರಗಳ ನಡುವೆ ಗಡಿಯಾರದಂಥ ಗೇಜ್‌ಗಳು ತುಂಬಿದ ಫಲಕದ ಚಿತ್ರವೊಂದು ಅಂಟಿಕೊಂಡಿರುವುದುಂಟು. ಅದು ಯಾವ ವಿಮಾನವೆಂದು ಹೇಳಬಲ್ಲ ಒಬ್ಬರೇ ವ್ಯಕ್ತಿ ತೀರಿಕೊಂಡಿರುತ್ತಾರೆ. ಅಂಥ ಚಿತ್ರಕ್ಕೆ ಅದರ ಹೆಸರನ್ನು ಮರಳಿ ಕೊಡುವುದು ಮಾಡಲು ತಕ್ಕ ಕೆಲಸವೆಂದು ನಾನು ನಂಬಿದ್ದೇನೆ, ಮತ್ತು ಕ್ರಮವಾಗಿ ಹೋದರೆ ಅದು ಬಹುಮಟ್ಟಿಗೆ ಸಾಧ್ಯವಿದೆ.

ಕ್ರಮದ ತಿರುಳು ಇಷ್ಟೇ: ಮೊದಲು ಹೆಸರನ್ನು ಊಹಿಸಿ ಆಮೇಲೆ ಅದಕ್ಕೆ ಸಾಕ್ಷ್ಯ ಹುಡುಕಬಾರದು. ಚಿತ್ರದಲ್ಲಿ ಏನಿದೆಯೋ ಅದನ್ನು ಮಾತ್ರ ಬರೆದುಕೊಂಡು, ಪ್ರತಿಯೊಂದು ಅಂಶವೂ ಯಾವ ಯಾವ ವಿಮಾನಗಳನ್ನು ಹೊರಗೆ ಹಾಕುತ್ತದೆ ಎಂಬುದನ್ನು ನೋಡುತ್ತ ಹೋಗಬೇಕು.

ಮೊದಲ ಹೆಜ್ಜೆ: ಚಿತ್ರವನ್ನು ಸಿದ್ಧಪಡಿಸುವುದು

ಮೂಲ ಚಿತ್ರ ಸಿಕ್ಕಿದರೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ತೃಪ್ತರಾಗಬೇಡಿ. ಸ್ಕ್ಯಾನರ್‌ನಲ್ಲಿ ಇಂಚಿಗೆ 600 ಚುಕ್ಕಿಗಳಿಗಿಂತ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಬಿಡದೆ ಮಾಡಿಸಿ. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ಒಂದು ಇಸವಿ ಅಥವಾ ಊರಿನ ಹೆಸರು ಇರಬಹುದು. ಗೇಜ್‌ಗಳೆಲ್ಲ ಸೇರಿ ಹೇಳಲಾರದ್ದನ್ನು ಅದೊಂದೇ ಸಾಲು ಹೇಳಿಬಿಡುತ್ತದೆ.

ಅನಂತರ ಚಿತ್ರ ಎಡಬಲ ಅದಲುಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ನೆಗೆಟಿವ್ ಅನ್ನು ತಿರುಗಿಸಿಟ್ಟು ಮುದ್ರಿಸಿದ ಚಿತ್ರಗಳು ನಾವು ಎಣಿಸುವುದಕ್ಕಿಂತ ಹೆಚ್ಚಾಗಿವೆ. ಒಂದೇ ಒಂದು ಅಂಕಿ ಸ್ಪಷ್ಟವಾಗಿ ಕಂಡರೂ ಸಾಕು, ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ಬಿಟ್ಟರೆ ಮುಂದಿನ ಹೆಜ್ಜೆಗಳೆಲ್ಲ ಹಾಳಾಗುತ್ತವೆ, ಏಕೆಂದರೆ ಅಕ್ಕಪಕ್ಕದ ಆಸನಗಳಿರುವ ವಿಮಾನದಲ್ಲಿ ಮುಖ್ಯ ಪೈಲಟ್ ಸಾಮಾನ್ಯವಾಗಿ ಎಡಗಡೆ ಕೂರುತ್ತಾರೆ, ಹೆಲಿಕಾಪ್ಟರ್‌ನಲ್ಲಿ ಹೆಚ್ಚಾಗಿ ಬಲಗಡೆ. ಒಂದೇ ಆಸನದ ಯುದ್ಧವಿಮಾನದಲ್ಲಿ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹೆಚ್ಚು-ಕಡಿಮೆ ಮಾಡುವ ಲಿವರ್, ಎಡಗೈಯ ಕಡೆಗಿರುತ್ತದೆ.

ಎರಡನೆಯ ಹೆಜ್ಜೆ: ಅಕ್ಷರ ಮತ್ತು ಅಳತೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಚಿತ್ರವನ್ನು ಹಿಗ್ಗಿಸಿ, ಗೇಜ್‌ಗಳ ಮುಖದ ಮೇಲೂ ಸ್ವಿಚ್‌ಗಳ ಕೆಳಗೂ ಇರುವ ಬರಹವನ್ನು ಹುಡುಕಿ. ಹಿಂದುಮುಂದಾದ ಆರ್ ಅಥವಾ ಎನ್‌ನಂಥ ಅಕ್ಷರ ಕಂಡರೆ ಅದು ರಷ್ಯನ್ ಲಿಪಿ. ಇಂಗ್ಲಿಷಿನದೇ ಅಕ್ಷರಗಳಿದ್ದು ಎಲ್ ಅಕ್ಷರಕ್ಕೆ ಅಡ್ಡಗೀಟು ಹಾಕಿದ್ದರೆ ಪೋಲಿಷ್, ಸಿ ಅಥವಾ ಎಸ್‌ನ ತಲೆಯ ಮೇಲೆ ಚಿಕ್ಕ ಕೊಕ್ಕೆಯಿದ್ದರೆ ಬಹುಶಃ ಜೆಕ್, ಎ ಮೇಲೆ ಪುಟ್ಟ ವೃತ್ತವಿದ್ದರೆ ಸ್ವೀಡಿಷ್ ಎಂದು ಹಿಡಿಯಬಹುದು. ಆದರೆ ರಫ್ತಿಗೆಂದು ತಯಾರಾದ ವಿಮಾನದಲ್ಲಿ ಕೊಂಡ ದೇಶಕ್ಕೆ ಬೇಕಾದ ಭಾಷೆಯ ಬರಹ ಇರಬಹುದಾದ್ದರಿಂದ ಬರಹವೊಂದನ್ನೇ ನಂಬಬಾರದು. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಅಳತೆಯ ಮಾನದ್ದು.

ವೇಗದ ಗೇಜ್‌ನಿಂದ ಆರಂಭಿಸಿ. ಗಂಟೆಗೆ ಕಿಲೋಮೀಟರ್ ಎಂದಿದ್ದರೆ ಜರ್ಮನಿ, ಸೋವಿಯತ್ ಒಕ್ಕೂಟ, ಇಟಲಿ, ಫ್ರಾನ್ಸ್ ಮೊದಲಾದ ಮೆಟ್ರಿಕ್ ದೇಶಗಳತ್ತ ನೋಡಬೇಕು. ಎರಡನೆಯ ಮಹಾಯುದ್ಧದ ಜಪಾನಿನಲ್ಲಿ ಭೂಸೇನೆಯ ವಿಮಾನಗಳು ಕಿಲೋಮೀಟರಿನಲ್ಲಿಯೂ ನೌಕಾಸೇನೆಯ ವಿಮಾನಗಳು ನಾಟ್‌ನಲ್ಲಿಯೂ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂಬ ಲೆಕ್ಕ) ವೇಗವನ್ನು ತೋರಿಸುತ್ತಿದ್ದವು. ಆದ್ದರಿಂದ ಜಪಾನಿ ಬರಹವಿರುವ ಫಲಕದಲ್ಲಿ ಈ ಒಂದೇ ಗೇಜ್ ಅರ್ಧ ಪಟ್ಟಿಯನ್ನು ಅಳಿಸಿಹಾಕುತ್ತದೆ. ಅಮೆರಿಕದ ಸಣ್ಣ ಖಾಸಗಿ ವಿಮಾನಗಳಲ್ಲಿ 1970ರ ದಶಕದ ಮಧ್ಯದವರೆಗೆ ಗಂಟೆಗೆ ಮೈಲಿಯ ಲೆಕ್ಕ ಮುಖ್ಯವಾಗಿತ್ತು, ಆಮೇಲೆ ನಾಟ್ ಬಂದಿತು. ಹೀಗಾಗಿ ಅದೇ ಗೇಜ್ ಕಾಲವನ್ನೂ ಸೂಚಿಸುತ್ತದೆ. ಅಂಕಿಗಳು ಎಲ್ಲಿಗೆ ಮುಗಿಯುತ್ತವೆ ಎಂಬುದನ್ನೂ ಬರೆದುಕೊಳ್ಳಿ. 160 ಮೈಲಿಗೆ ನಿಲ್ಲುವ ಗೇಜ್ ತರಬೇತಿ ವಿಮಾನದ್ದೋ ಕ್ಲಬ್ ವಿಮಾನದ್ದೋ ಆಗಿರುತ್ತದೆ, ಮ್ಯಾಕ್ 1ನ್ನು, ಅಂದರೆ ಶಬ್ದದ ವೇಗವನ್ನು, ದಾಟಿ ಹೋಗುವ ಗೇಜ್ ಸಾಗಣೆ ವಿಮಾನದಲ್ಲಿರುವುದಿಲ್ಲ. ಕಾಂಕಾರ್ಡ್ ಮತ್ತು ಟುಪೊಲೆವ್ 144 ಮಾತ್ರ ಅದಕ್ಕೆ ಹೊರತು. ಗೇಜ್‌ನ ಅಂಚಿನಲ್ಲಿ ಬಣ್ಣದ ಪಟ್ಟಿಗಳಿದ್ದರೆ ಬಿಳಿಯದು ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುಪಟ್ಟಿ) ಇಳಿಸಿ ಹಾರಬಹುದಾದ ವೇಗ, ಹಸಿರು ಸಾಮಾನ್ಯ ವೇಗ, ಹಳದಿ ಎಚ್ಚರಿಕೆಯ ವೇಗ, ಕೆಂಪು ಗೆರೆ ಎಂದಿಗೂ ಮೀರಬಾರದ ವೇಗ. ಈ ನಾಲ್ಕು ಪಟ್ಟಿಗಳ ತುದಿಗಳು ಪ್ರತಿ ಮಾದರಿಗೂ ಬೇರೆ ಬೇರೆಯಾಗಿರುವುದರಿಂದ, ಅವನ್ನು ಓದಲು ಸಾಧ್ಯವಾದರೆ ಹಾರಾಟದ ಕೈಪಿಡಿಗಳೊಂದಿಗೆ ನೇರವಾಗಿ ಹೋಲಿಸಬಹುದು.

ಎತ್ತರ ತೋರಿಸುವ ಅಲ್ಟಿಮೀಟರ್‌ನಲ್ಲಿ ಸಣ್ಣ ಕಿಟಕಿಯೊಂದಿರುತ್ತದೆ. ಅಂದಿನ ವಾಯುಭಾರವನ್ನು ಪೈಲಟ್ ಅದರಲ್ಲಿ ಹೊಂದಿಸುತ್ತಾರೆ. ಅಲ್ಲಿ 29.92ರ ಆಸುಪಾಸಿನ ಅಂಕಿಯಿದ್ದರೆ ಪಾದರಸದ ಇಂಚು, ಅಂದರೆ ಅಮೆರಿಕದ ಪದ್ಧತಿ. 1013ರ ಆಸುಪಾಸು ಇದ್ದರೆ ಮಿಲಿಬಾರ್, ಅಂದರೆ ಬ್ರಿಟಿಷ್ ಮತ್ತು ಯೂರೋಪಿನ ಪದ್ಧತಿ, ಭಾರತದ್ದೂ ಅದೇ. 760ರ ಆಸುಪಾಸು ಇದ್ದರೆ ಪಾದರಸದ ಮಿಲಿಮೀಟರ್, ಅಂದರೆ ಸೋವಿಯತ್ ಪದ್ಧತಿ. ನಿಂತಿರುವ ವಿಮಾನದ ಅಲ್ಟಿಮೀಟರ್ ಕೆಲವೊಮ್ಮೆ ಆ ನೆಲದ ಎತ್ತರವನ್ನೇ ತೋರಿಸುತ್ತಿರುತ್ತದೆ: ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವಾದರೆ ಸುಮಾರು 2,900 ಅಡಿ, ಬಳ್ಳಾರಿಯ ಬಯಲಾದರೆ ಸುಮಾರು 1,600 ಅಡಿ. ನೆಲದಲ್ಲಿ ಸೊನ್ನೆ ತೋರಿಸುವಂತೆ ಹೊಂದಿಸುವ ರೂಢಿಯೂ ಇರುವುದರಿಂದ ಇದನ್ನು ಬರಿಯ ಪೂರಕ ಸುಳಿವೆಂದು ಇಟ್ಟುಕೊಳ್ಳಬೇಕು. ಅದು ಹೇಳುವುದು ಸ್ಥಳವನ್ನೇ ಹೊರತು ವಿಮಾನವನ್ನಲ್ಲ.

ಪಿಸ್ಟನ್ ಎಂಜಿನ್ ಇರುವ ಹಳೆಯ ವಿಮಾನಗಳಲ್ಲಿ ಇನ್ನೊಂದು ಅಮೂಲ್ಯ ಗೇಜ್ ಇದೆ. ಎಂಜಿನ್ನಿನ ಒಳಗೆ ಹೋಗುವ ಗಾಳಿಯ ಒತ್ತಡವನ್ನು ಅಮೆರಿಕನ್ನರು ಪಾದರಸದ ಇಂಚಿನಲ್ಲಿ ಅಳೆದರು; ಬ್ರಿಟಿಷರು ವಾತಾವರಣದ ಒತ್ತಡವನ್ನು ಸೊನ್ನೆಯೆಂದು ಹಿಡಿದು ಅದಕ್ಕಿಂತ ಹೆಚ್ಚು-ಕಡಿಮೆಯನ್ನು ಚದರ ಇಂಚಿಗೆ ಇಷ್ಟು ಪೌಂಡ್ ಎಂದು ಅಳೆದರು; ಜರ್ಮನ್ನರು ವಾತಾವರಣದ ಮಾನದಲ್ಲಿ, ಸೋವಿಯತ್ತರು ಪಾದರಸದ ಮಿಲಿಮೀಟರಿನಲ್ಲಿ ಅಳೆದರು. ಎಂಜಿನ್ ನಿಂತಾಗ ಈ ಗೇಜ್ ಹೊರಗಿನ ವಾಯುಭಾರವನ್ನೇ ತೋರಿಸುತ್ತದೆ. ಆದ್ದರಿಂದ ಸುಮಾರು 485 ಮೀಟರ್ ಎತ್ತರದಲ್ಲಿರುವ ಬಳ್ಳಾರಿಯಲ್ಲಿ ನಿಲ್ಲಿಸಿದ ಅಮೆರಿಕನ್ ವಿಮಾನದಲ್ಲಿ ಮುಳ್ಳು 28ರ ಹತ್ತಿರ, ಬ್ರಿಟಿಷ್ ವಿಮಾನದಲ್ಲಿ ಸೊನ್ನೆಗಿಂತ ತುಸು ಕೆಳಗೆ, ಜರ್ಮನ್ ವಿಮಾನದಲ್ಲಿ 1ರ ಹತ್ತಿರ, ಸೋವಿಯತ್ ವಿಮಾನದಲ್ಲಿ 720ರ ಹತ್ತಿರ ಇರುತ್ತದೆ. ಅಕ್ಷರ ಓದಲಾಗದಷ್ಟು ಮಸುಕಾದ ಚಿತ್ರದಲ್ಲಿಯೂ ಮುಳ್ಳು ನಿಂತ ಜಾಗ ಮತ್ತು ಅಂಕಿಗಳ ಸಂಖ್ಯೆಯಿಂದ ಇದನ್ನು ತರ್ಕಿಸಬಹುದು. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ದೊಡ್ಡ ಉತ್ತರ ಕೊಡುವ ಗೇಜ್ ಇನ್ನೊಂದಿಲ್ಲ.

ಮೂರನೆಯ ಹೆಜ್ಜೆ: ಲಿವರ್‌ಗಳನ್ನು ಎಣಿಸುವುದು

ಎಂಜಿನ್‌ಗಳ ಸಂಖ್ಯೆಯನ್ನು ಥ್ರಾಟಲ್‌ಗಳು ಹೇಳುತ್ತವೆ. ಮೂರು ಥ್ರಾಟಲ್‌ಗಳು ಕಂಡರೆ ಪಟ್ಟಿ ತೀರ ಚಿಕ್ಕದಾಗುತ್ತದೆ: ಬೋಯಿಂಗ್ 727, ಟ್ರೈಡೆಂಟ್, ಟ್ರೈಸ್ಟಾರ್, ಡಿಸಿ-10, ಯಾಕ್-40, ಟುಪೊಲೆವ್ 154, ಫಾಲ್ಕನ್ 50 ಮತ್ತು 900, ಹಳೆಯ ಯುಂಕರ್ಸ್ 52, ಪುಟ್ಟ ಟ್ರೈಲ್ಯಾಂಡರ್ ಮುಂತಾದ ಕೆಲವೇ ಹೆಸರುಗಳು ಉಳಿಯುತ್ತವೆ.

ಒಂದೊಂದು ಎಂಜಿನ್ನಿಗೆ ಎಷ್ಟು ಲಿವರ್‌ಗಳಿವೆ ಎಂಬುದು ಎಂಜಿನ್ನಿನ ಬಗೆಯನ್ನು ಹೇಳುತ್ತದೆ. ಇಂದಿನ ಸಣ್ಣ ಪಿಸ್ಟನ್ ವಿಮಾನಗಳಲ್ಲಿ ಥ್ರಾಟಲ್ಲಿಗೆ ಕಪ್ಪು, ಪ್ರೊಪೆಲ್ಲರ್‌ಗೆ ನೀಲಿ, ಇಂಧನ ಮಿಶ್ರಣಕ್ಕೆ ಕೆಂಪು ಹಿಡಿಕೆ ಇರುತ್ತದೆ. ನೀಲಿ ಇಲ್ಲದಿದ್ದರೆ ಪ್ರೊಪೆಲ್ಲರ್‌ನ ಅಲಗಿನ ಕೋನ ಬದಲಾಗುವುದಿಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ತೋರಣಗಲ್ಲಿನ ಬಳಿಯ ವಿದ್ಯಾನಗರ ನಿಲ್ದಾಣದಲ್ಲಿ ಬಳ್ಳಾರಿಯವರು ಹತ್ತಿರದಿಂದ ಕಂಡಿರುವ ಎಟಿಆರ್ 72 ಟರ್ಬೊಪ್ರಾಪ್ ವಿಮಾನ, ಅಂದರೆ ಜೆಟ್‌ನಂಥ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವ ಬಗೆಯದು; ಅದರಲ್ಲಿ ಎರಡು ಪವರ್ ಲಿವರ್‌ಗಳೂ ಪಕ್ಕದಲ್ಲಿ ಪ್ರೊಪೆಲ್ಲರನ್ನೂ ಇಂಧನವನ್ನೂ ನಿಯಂತ್ರಿಸುವ ಎರಡು ಕಂಡೀಷನ್ ಲಿವರ್‌ಗಳೂ ಇರುತ್ತವೆ. ಜೆಟ್ ವಿಮಾನದಲ್ಲಿ ಎಂಜಿನ್ನಿಗೆ ಒಂದೇ ಮುಖ್ಯ ಲಿವರ್ ಸಾಕಾಗುತ್ತದೆ, ಮತ್ತು ಗೇಜ್‌ಗಳಲ್ಲಿ ನಿಷ್ಕಾಸ ಅನಿಲದ ಉಷ್ಣತೆ ತೋರಿಸುವುದೊಂದು ಇದ್ದೇ ಇರುತ್ತದೆ. ಲಿವರ್ ಇಲ್ಲ, ಎಂಜಿನ್ ಗೇಜ್ ಒಂದೂ ಇಲ್ಲ, ಆದರೆ ಹಳದಿ ಗುಬ್ಬಿಯೂ ನೀಲಿ ಹಿಡಿಕೆಯೂ ಇವೆಯೆಂದರೆ ಅದು ಗ್ಲೈಡರ್: ಹಳದಿ ಎಳೆದೊಯ್ಯುವ ಹಗ್ಗವನ್ನು ಬಿಡಿಸಲು, ನೀಲಿ ಏರ್‌ಬ್ರೇಕಿಗೆ.

ನಾಲ್ಕನೆಯ ಹೆಜ್ಜೆ: ಸ್ಟಿಕ್, ಚಕ್ರ ಮತ್ತು ಆಸನ

ವಿಮಾನವನ್ನು ನಡೆಸುವ ಹಿಡಿಕೆಯ ಆಕಾರವನ್ನು ತಯಾರಕರು ಸುಲಭವಾಗಿ ಬದಲಿಸುವುದಿಲ್ಲ. ಸ್ಪಿಟ್‌ಫೈರ್ ಮತ್ತು ಹರಿಕೇನ್‌ಗಳ ಸ್ಟಿಕ್‌ನ ತುದಿಯಲ್ಲಿ ದುಂಡನೆಯ ಬಳೆಯಿದ್ದು, ಇಡೀ ಸ್ಟಿಕ್ ಪಕ್ಕಕ್ಕೆ ವಾಲುವ ಬದಲು ಮೇಲಿನ ಭಾಗ ಮಾತ್ರ ವಾಲುತ್ತದೆ. ಎಂಬ್ರೇಯರ್‌ನ ಪ್ರಯಾಣಿಕ ಜೆಟ್‌ಗಳಲ್ಲಿಯೂ ಕಾಂಕಾರ್ಡ್‌ನಲ್ಲಿಯೂ ಯೋಕ್, ಅಂದರೆ ಎರಡೂ ಕೈಗಳಿಂದ ಹಿಡಿಯುವ ಚಕ್ರದಂಥ ಹಿಡಿಕೆ, ಟಗರಿನ ಕೊಂಬಿನಂತೆ ಬಾಗಿರುತ್ತದೆ. ಎಡಬಲಗಳ ತುದಿಯಲ್ಲಿ ಮಾತ್ರ ಪುಟ್ಟ ಸ್ಟಿಕ್ ಇದ್ದು ಪೈಲಟ್‌ನ ಮುಂದೆ ಜಾಗ ಖಾಲಿಯಿದ್ದರೆ ಏರ್‌ಬಸ್‌ನ 320 ಮತ್ತು ಆನಂತರದ ಮಾದರಿಗಳು, ಸುಖೋಯ್ ಸೂಪರ್‌ಜೆಟ್, ಫಾಲ್ಕನ್ 7ಎಕ್ಸ್ ಇವುಗಳನ್ನು ಪರಿಶೀಲಿಸಬೇಕು. ಇಬ್ಬರ ನಡುವೆ ಒಂದೇ ಕಂಬವಿದ್ದು ಅದರ ಮೇಲೆ ತಕ್ಕಡಿಯ ದಂಡಿಗೆಯಂಥ ಅಡ್ಡ ಹಿಡಿಕೆಯಿರುವ ಹೆಲಿಕಾಪ್ಟರ್ ಬಹುತೇಕ ರಾಬಿನ್ಸನ್ ಕಂಪನಿಯದು.

ಅಪಾಯದಲ್ಲಿ ಪೈಲಟ್‌ನನ್ನು ಆಸನಸಮೇತ ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟ್ ಕಂಡರೆ ಅದರ ಎಳೆಹಿಡಿಕೆಯನ್ನು ಗಮನಿಸಿ. ತಲೆಯ ಮೇಲ್ಗಡೆ ಹಳದಿ-ಕಪ್ಪು ಪಟ್ಟೆಯ ಕುಣಿಕೆಗಳಿದ್ದರೆ ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯ ಹಳೆಯ ಸೀಟು ಎಂಬುದು ಹೆಚ್ಚು ಸಂಭವ. ಮಿಗ್-29 ಮತ್ತು ಸುಖೋಯ್-30ರ ಕೆ-36 ಸೀಟಿನಲ್ಲಿ ಕಾಲುಗಳ ನಡುವೆ ಜೋಡಿ ಕುಣಿಕೆಗಳ ಕೆಂಪು ಹಿಡಿಕೆಯಿರುತ್ತದೆ. ಆದರೆ ಮಾರ್ಟಿನ್-ಬೇಕರ್ ಸೀಟನ್ನು ಅನೇಕ ದೇಶಗಳು ಕೊಂಡಿರುವುದರಿಂದ ಸೀಟಿನ ದೇಶವೇ ವಿಮಾನದ ದೇಶವೆಂದು ತೀರ್ಮಾನಿಸಬಾರದು. ಇಳಿಯುವಾಗ ತಡೆಹಗ್ಗಕ್ಕೆ ಸಿಕ್ಕಿ ವಿಮಾನವನ್ನು ನಿಲ್ಲಿಸುವ ಬಾಲಗೊಕ್ಕೆಯ ಗುರುತಿನ ಲಿವರ್ ಕಂಡೊಡನೆ ನೌಕಾಪಡೆಯ ವಿಮಾನವೆನ್ನುವುದೂ ಆತುರವಾಗುತ್ತದೆ, ನೆಲದಿಂದಲೇ ಹಾರುವ ಎಷ್ಟೋ ಯುದ್ಧವಿಮಾನಗಳಿಗೂ ತುರ್ತಿಗೆಂದು ಕೊಕ್ಕೆಯಿದೆ.

ಐದನೆಯ ಹೆಜ್ಜೆ: ಫಲಕದ ಜೋಡಣೆ ಮತ್ತು ಬಣ್ಣ

ಬ್ರಿಟಿಷ್ ವಾಯುಪಡೆ 1930ರ ದಶಕದ ಕೊನೆಯಿಂದ ಆರು ಮುಖ್ಯ ಗೇಜ್‌ಗಳನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿತು: ಮೇಲಿನ ಸಾಲಿನಲ್ಲಿ ವೇಗ, ಕೃತಕ ದಿಗಂತ, ಏರಿಳಿತದ ದರ, ಕೆಳಗಿನ ಸಾಲಿನಲ್ಲಿ ಎತ್ತರ, ದಿಕ್ಕು, ತಿರುವು. ಈಗಿನ ತರಬೇತಿ ವಿಮಾನಗಳಲ್ಲಿ ಎತ್ತರದ ಗೇಜ್ ಮೇಲಿನ ಸಾಲಿನ ಬಲತುದಿಗೆ ಬಂದಿದೆ, ಏರಿಳಿತದ ದರ ಅದರ ಕೆಳಗೆ ಇಳಿದಿದೆ. ಈ ಒಂದು ಸ್ಥಾನಪಲ್ಲಟವನ್ನು ಗುರುತಿಸಲು ಕಲಿತರೆ ಬ್ರಿಟಿಷ್ ವಿಮಾನದ ಕಾಲವನ್ನು ಒಂದೇ ನೋಟದಲ್ಲಿ ಅಂದಾಜು ಮಾಡಬಹುದು.

ಸೋವಿಯತ್ ಜೆಟ್‌ಗಳ ಒಳಭಾಗದ ಹಸಿರು-ನೀಲಿ ಬಣ್ಣ ಪ್ರಸಿದ್ಧವಾಗಿದೆ, ಆದರೆ ಸ್ವೀಡನ್ನಿನ ಸಾಬ್ ವಿಗ್ಗೆನ್‌ನ ಫಲಕವೂ ಅದಕ್ಕೆ ಹತ್ತಿರದ ಬಣ್ಣದ್ದೇ. ಬಣ್ಣಕ್ಕಿಂತ ವಿಶ್ವಾಸಾರ್ಹವಾದುದು ಫಲಕದ ನಡುವೆ ಮೇಲಿನಿಂದ ಕೆಳಕ್ಕೆ ಎಳೆದ ಬಿಳಿಯ ಗೆರೆ. ವಿಮಾನ ಗಿರಕಿ ಹೊಡೆಯುತ್ತ ಬೀಳುವಾಗ ಸ್ಟಿಕ್ಕನ್ನು ಸರಿಯಾಗಿ ನಡುವಿಗೆ ತಂದು ಮುಂದೆ ದೂಡಲು ಪೈಲಟ್‌ಗೆ ಆ ಗೆರೆ ಗುರಿಯಾಗುತ್ತದೆ. ಮಿಗ್-21ರಲ್ಲಿ ಅದು ಇದೆ, ಕಪ್ಪು-ಬಿಳುಪಿನ ಚಿತ್ರದಲ್ಲಿಯೂ ಕಾಣುತ್ತದೆ. ಯುದ್ಧಕಾಲದ ಜರ್ಮನ್ ವಿಮಾನಗಳಲ್ಲಿ ಇಂಧನಕ್ಕೆ ಹಳದಿ, ಎಣ್ಣೆಗೆ ಕಂದು, ಗಾಳಿಗೆ ನೀಲಿ ಎಂದು ಕೊಳವೆಗಳಿಗೂ ಗೇಜ್‌ಗಳಿಗೂ ಬಣ್ಣದ ಗುರುತು ಹಾಕುವ ಶಿಸ್ತು ಇತ್ತು.

ಗಾಜಿನ ಪರದೆಗಳು ತುಂಬಿದ ಹೊಸ ಫಲಕಗಳು ಮಾತ್ರ ಬೇರೆಯೇ ಕಷ್ಟ ಒಡ್ಡುತ್ತವೆ. ಗಾರ್ಮಿನ್ ಜಿ1000 ಎಂಬ ಪರದೆಗಳ ವ್ಯವಸ್ಥೆ ಸೆಸ್ನಾ 172ರಲ್ಲಿಯೂ ಇದೆ, ಡೈಮಂಡ್ ಡಿಎ40ರಲ್ಲಿಯೂ ಇದೆ. ಅಲ್ಲಿ ಪರದೆಯನ್ನು ಬಿಟ್ಟು ಹಿಡಿಕೆಯನ್ನು ನೋಡಬೇಕು: ಸೆಸ್ನಾದಲ್ಲಿ ಯೋಕ್, ಡೈಮಂಡ್‌ನಲ್ಲಿ ಕಾಲುಗಳ ನಡುವಿನ ಸ್ಟಿಕ್. ಹಳೆಯ ವಿಮಾನಕ್ಕೆ ಹೊಸ ಪರದೆ ಹಾಕಿಸುವುದೂ ಸಾಮಾನ್ಯವಾದ್ದರಿಂದ, ಗೇಜ್‌ಗಳು ವಿಮಾನದ ವಯಸ್ಸಿನ ಗರಿಷ್ಠ ಮಿತಿಯನ್ನು ಎಂದಿಗೂ ಹೇಳಲಾರವು.

ಆರನೆಯ ಹೆಜ್ಜೆ: ಕಿಟಕಿಯ ಚೌಕಟ್ಟು ಮತ್ತು ಹೊರನೋಟ

ಗೇಜ್ ಬದಲಾಗುತ್ತದೆ, ಲೋಹದ ಚೌಕಟ್ಟು ಬದಲಾಗುವುದಿಲ್ಲ. ಮುಂಗಾಜು ಎಷ್ಟು ತುಂಡುಗಳಾಗಿದೆ, ಕಂಬಗಳು ಯಾವ ಕೋನದಲ್ಲಿ ನಿಂತಿವೆ, ಹಣೆಯ ಮೇಲ್ಗಡೆ ಹುಬ್ಬಿನಂಥ ಸಣ್ಣ ಕಿಟಕಿಗಳಿವೆಯೇ ಎಂಬುದನ್ನು ಕಾಗದದ ಮೇಲೆ ಗೆರೆಯಲ್ಲಿ ಬಿಡಿಸಿಕೊಳ್ಳಿ. ಬೋಯಿಂಗ್ 707, 727 ಮತ್ತು ಹಳೆಯ 737ಗಳಲ್ಲಿ ಹುಬ್ಬುಕಿಟಕಿಗಳಿದ್ದವು. ಪಕ್ಕದ ಕಿಟಕಿಯ ಮೂಲಕ ರೆಕ್ಕೆ, ರೆಕ್ಕೆಗೆ ಕೊಟ್ಟ ಆಸರೆಕಂಬ ಅಥವಾ ಎಂಜಿನ್ನಿನ ಮೂತಿ ಒಂದಿಷ್ಟು ಕಂಡರೂ ಅದು ದೊಡ್ಡ ಲಾಭ.

ಒಂದೇ ಮೂತಿಯನ್ನು ಎರಡು ವಿಮಾನಗಳು ಹಂಚಿಕೊಂಡಿರುವುದೂ ಉಂಟು. 1955ರಲ್ಲಿ ಮೊದಲು ಹಾರಿದ ಫ್ರಾನ್ಸಿನ ಕ್ಯಾರವೆಲ್, 1949ರಲ್ಲಿ ಹಾರಿದ ಬ್ರಿಟನ್ನಿನ ಕಾಮೆಟ್‌ನ ಮೂತಿಯ ವಿನ್ಯಾಸವನ್ನೇ ಪಡೆದುಕೊಂಡಿತು. 1964ರಿಂದ ಇಂಡಿಯನ್ ಏರ್‌ಲೈನ್ಸ್ ಕ್ಯಾರವೆಲ್‌ಗಳನ್ನು ಹಾರಿಸಿದ್ದರಿಂದ ಅದರ ಚಿತ್ರ ನಮ್ಮವರ ಆಲ್ಬಂನಲ್ಲಿ ಸಿಗುವುದು ಅಸಂಭವವಲ್ಲ. ಕಿಟಕಿ ನೋಡಿ ಕಾಮೆಟ್ ಎನ್ನುವ ಮೊದಲು ಥ್ರಾಟಲ್ ಎಣಿಸಬೇಕು: ಕಾಮೆಟ್‌ಗೆ ನಾಲ್ಕು, ಕ್ಯಾರವೆಲ್‌ಗೆ ಎರಡು.

ಏಳನೆಯ ಹೆಜ್ಜೆ: ಉಳಿದ ಹೆಸರುಗಳನ್ನು ತೂಗುವುದು

ಇಲ್ಲಿಗೆ ನಿಮ್ಮ ಕಾಗದದಲ್ಲಿ ಎಂಟು ಹತ್ತು ಅಂಶಗಳಿರುತ್ತವೆ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಇಂಗ್ಲಿಷ್ ಬರಹ, ನಾಟ್‌ನಲ್ಲಿ ವೇಗ, ಒಂದೇ ಆಸನ, ಎರಡು ಜೆಟ್ ಎಂಜಿನ್‌ಗಳ ಥ್ರಾಟಲ್, ತಲೆಯ ಮೇಲೆ ಪಟ್ಟೆಯ ಕುಣಿಕೆಯಿರುವ ಸೀಟು, ಕಾಲುಗಳ ನಡುವೆ ಸ್ಟಿಕ್, ಕಣ್ಣಿನ ನೇರಕ್ಕೆ ಗುರಿನೋಟದ ಗಾಜು, ರೇಡಾರ್ ಪರದೆ ಇಲ್ಲ ಎಂದಿಟ್ಟುಕೊಳ್ಳಿ. ಭಾರತದ ಸಂದರ್ಭದಲ್ಲಿ ಮೊದಲು ಹೊಳೆಯುವ ಕ್ಯಾನ್‌ಬೆರಾ ಬಿದ್ದುಹೋಗುತ್ತದೆ, ಏಕೆಂದರೆ ಅದರಲ್ಲಿ ಸ್ಟಿಕ್ಕಿನ ಬದಲು ಬಾಂಬರ್‌ಗಳಲ್ಲಿರುವಂಥ ಚಕ್ರದ ಹಿಡಿಕೆಯಿದೆ. ನ್ಯಾಟ್ ಮತ್ತು ಅದರಿಂದ ಹುಟ್ಟಿದ ಅಜೀತ್ ಒಂಟಿ ಎಂಜಿನ್ನಿನವು. ಲೈಟ್ನಿಂಗ್‌ನಲ್ಲಿ ರೇಡಾರ್ ಪರದೆಯಿದೆ. ಜಾಗ್ವಾರ್‌ನಲ್ಲಿ ಹಾರಾಟದ ಅಂಕಿಗಳನ್ನು ಕಣ್ಣೆದುರಿನ ಗಾಜಿನ ಮೇಲೇ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇಯೂ ಚಲಿಸುವ ನಕ್ಷೆಯೂ ಇವೆ. ಉಳಿದವುಗಳಲ್ಲಿ ಮುಖ್ಯವಾದವು ಬ್ರಿಟನ್ನಿನ ಮೀಟಿಯರ್ ಮತ್ತು ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಹಾರಿದ ಎಚ್‌ಎಫ್-24 ಮಾರುತ್. ಮೀಟಿಯರ್ ಯುದ್ಧಕಾಲದ ಸಂತಾನವಾದ್ದರಿಂದ ಅದರ ಫಲಕದಲ್ಲಿ ಹಳೆಯ ಆರು ಗೇಜ್‌ಗಳ ಚೌಕಟ್ಟು ಕಾಣುತ್ತದೆ. ಅದು ಕಾಣದಿದ್ದರೆ ಮಾರುತ್‌ನ ಹೆಸರನ್ನು ಮುಂದಿಟ್ಟು ಪರಿಶೀಲನೆಗೆ ಹೋಗಬಹುದು.

ಇನ್ನೊಂದು ಉದಾಹರಣೆ ಭಾಷೆಯ ಬಗ್ಗೆ ಎಚ್ಚರಿಸುವಂಥದು. ಅಕ್ಕಪಕ್ಕ ಎರಡು ಆಸನ, ಎರಡು ಚಕ್ರಹಿಡಿಕೆ, ಒಂದೇ ಪಿಸ್ಟನ್ ಎಂಜಿನ್ನಿನ ಲಿವರ್‌ಗಳು, ಕಿಲೋಮೀಟರ್ ಮತ್ತು ಮೀಟರ್ ಗೇಜ್‌ಗಳು, ಕೆಳಗೆ ನೋಡಲು ಅನುಕೂಲವಾಗುವಂತೆ ಹೊರಕ್ಕೆ ಉಬ್ಬಿದ ಪಕ್ಕದ ಕಿಟಕಿಗಳು: ಇವೆಲ್ಲ ಸೇರಿದರೆ 1947ರಲ್ಲಿ ಹಾರಿದ ಎರಡು ಅಂತಸ್ತಿನ ರೆಕ್ಕೆಯ ಆಂಟೊನೊವ್ ಎಎನ್-2. ಆದರೆ ಅದರಲ್ಲಿನ ಬರಹ ಪೋಲಿಷ್ ಇರಬಹುದು, ಏಕೆಂದರೆ 1960ರಿಂದ ಪೋಲೆಂಡಿನಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. ಚೀನೀ ಇರಬಹುದು, ಏಕೆಂದರೆ ಅಲ್ಲಿ ವೈ-5 ಎಂಬ ಹೆಸರಿನಲ್ಲಿ ತಯಾರಾಯಿತು. ಮೂರು ಭಾಷೆಗಳ ಮೂರು ಚಿತ್ರಗಳು ಒಂದೇ ವಿಮಾನದವಾಗಿರಬಹುದು.

ಪರಿಶೀಲನೆಗೆ ಆ ವಿಮಾನದ ಬೇರೆ ಚಿತ್ರ ಬೇಕು. ಹೋಲಿಸುವಾಗ ಗೇಜ್‌ಗಳನ್ನು ಕೊನೆಗಿಟ್ಟು ಕಿಟಕಿಯ ಚೌಕಟ್ಟು, ಫಲಕದ ಮೇಲಂಚಿನ ಬಾಗು, ಥ್ರಾಟಲ್ ಪೀಠ ಈ ಮೂರನ್ನು ಮೊದಲು ಹೊಂದಿಸಿ ನೋಡಿ. ಕಂಪ್ಯೂಟರಿನ ಚಿತ್ರಶೋಧ ಪ್ರಸಿದ್ಧ ವಿಮಾನಗಳನ್ನು ಬೇಗ ತೋರಿಸುತ್ತದೆ, ಅಪರೂಪದವುಗಳ ವಿಷಯದಲ್ಲಿ ಅದು ಬಣ್ಣ ಹೋಲುವ ಯಾವುದನ್ನೋ ಮುಂದಿಡುವುದರಿಂದ ಅದರ ಉತ್ತರವನ್ನೂ ಇದೇ ಜರಡಿಯಲ್ಲಿ ಹಾಕಬೇಕು. ಸಾಧ್ಯವಾದವರು ಕಣ್ಣಾರೆ ನೋಡುವುದೇ ಲೇಸು. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ಸೇರಿದಂತೆ ನಮ್ಮ ದೇಶದಲ್ಲಿ ತಯಾರಾದ ಹಲವು ವಿಮಾನಗಳನ್ನು ಇಟ್ಟಿದ್ದಾರೆ. ವಿಶಾಖಪಟ್ಟಣದ ಕಡಲತೀರದಲ್ಲಿ ನೌಕಾಪಡೆಯ ಟುಪೊಲೆವ್ 142ರ ಒಳಹೊಕ್ಕೇ ನೋಡಬಹುದು. ವಸ್ತುಸಂಗ್ರಹಾಲಯದ ವಿಮಾನಗಳಲ್ಲಿ ಕಳಚಿಹೋದ ಗೇಜ್‌ಗಳ ಜಾಗಕ್ಕೆ ಬೇರೆಯವನ್ನು ಕೂರಿಸಿರಬಹುದೆಂಬುದು ನೆನಪಿರಲಿ.

ಎಂಟನೆಯ ಹೆಜ್ಜೆ: ಉತ್ತರವನ್ನು ಬರೆದಿಡುವುದು

ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೆಯೋ ಅಲ್ಲಿಯವರೆಗಿನ ಹೆಸರನ್ನು ಮಾತ್ರ ಬರೆಯಿರಿ. ಬೋಯಿಂಗ್ 757 ಮತ್ತು 767ಗಳ ಕಾಕ್‌ಪಿಟ್‌ಗಳನ್ನು ಒಬ್ಬರೇ ಪೈಲಟ್ ಎರಡನ್ನೂ ಹಾರಿಸಬಹುದಾದಷ್ಟು ಸಮಾನವಾಗಿ ರೂಪಿಸಿದ್ದಾರೆ. ಎಟಿಆರ್ 42 ಮತ್ತು 72ಗಳೂ ಹಾಗೆಯೇ. ಅಂಥಲ್ಲಿ ಕುಟುಂಬದ ಹೆಸರನ್ನು ಬರೆದು ನಿಲ್ಲುವುದೇ ಸರಿಯಾದ ಉತ್ತರ. ಹೆಸರಿನ ಕೆಳಗೆ ಕಾರಣಗಳನ್ನು ಒಂದೊಂದಾಗಿ ಬರೆದು, ಯಾವುದು ಕಣ್ಣಿಗೆ ಕಂಡದ್ದು, ಯಾವುದು ತರ್ಕಿಸಿದ್ದು ಎಂಬುದನ್ನು ಬೇರ್ಪಡಿಸಿ. ಬಿಟ್ಟುಹಾಕಿದ ಹೆಸರುಗಳನ್ನೂ ಬಿಟ್ಟ ಕಾರಣದೊಂದಿಗೆ ದಾಖಲಿಸಿದರೆ ನಾಳೆ ಇನ್ನೊಂದು ಚಿತ್ರ ಸಿಕ್ಕಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ. ಈ ಟಿಪ್ಪಣಿಯನ್ನು ಬೇರೆ ಹಾಳೆಯಲ್ಲಿ ಬರೆದು ಚಿತ್ರದ ಜೊತೆಗಿಡಿ. ಚಿತ್ರದ ಹಿಂಬದಿಯಲ್ಲಿ ಬರೆಯಲೇಬೇಕಿದ್ದರೆ ಮೆತ್ತನೆಯ ಪೆನ್ಸಿಲ್‌ನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂಬದಿಯ ಗೇಜ್‌ಗಳ ಮೇಲೆ ಗೆರೆಯಾಗಿ ಮೂಡುತ್ತದೆ.